ಸೆಲ್ಫ್ ಚೆಕ್‌ಔಟ್: ಇತಿಹಾಸ ಮತ್ತು ಸಾಧಕ-ಬಾಧಕ

ಸೆಲ್ಫ್ ಚೆಕ್‌ಔಟ್ ಎಂದರೆ ಅಂಗಡಿಯಲ್ಲಿ ಆರಿಸಿಕೊಂಡ ಸಾಮಾನನ್ನು ಗಿರಾಕಿಯೇ ಸ್ಕ್ಯಾನ್ ಮಾಡಿ, ತಾನೇ ಹಣ ಕಟ್ಟಿ, ಚೀಲಕ್ಕೆ ತುಂಬಿಕೊಂಡು ಹೊರಡುವ ವ್ಯವಸ್ಥೆ. 1980ರ ದಶಕದಲ್ಲಿ ಅಮೆರಿಕದಲ್ಲಿ ಶುರುವಾಗಿ, 2000ದ ನಂತರ ಯುರೋಪು, ಆಸ್ಟ್ರೇಲಿಯ, ಜಪಾನುಗಳ ದೊಡ್ಡ ಅಂಗಡಿಗಳಲ್ಲಿ ಸಾಮಾನ್ಯವಾಯಿತು. ಇದು ಬಂದಲ್ಲೆಲ್ಲ ಕ್ಯಾಷಿಯರ್ ಮಾಡುತ್ತಿದ್ದ ಕೆಲಸ ಗಿರಾಕಿಯ ಪಾಲಿಗೆ ಬಂತು, ಸಂಬಳ ಮಾತ್ರ ಬರಲಿಲ್ಲ. ಈ ಯಂತ್ರ ಎಲ್ಲಿ ಹರಡಿತು, ಎಲ್ಲಿ ಹಿಂದೆ ಸರಿಯಿತು ಎಂಬುದನ್ನು ಎರಡು ಲೆಕ್ಕಗಳು ನಿರ್ಧರಿಸಿವೆ: ಕ್ಯಾಷಿಯರಿಗೆ ಕೊಡಬೇಕಾದ ಕೂಲಿ ಎಷ್ಟು, ಬಿಲ್ ಆಗದೆ ಬಾಗಿಲು ದಾಟುವ ಸರಕು ಎಷ್ಟು.

ಪೂರ್ವಕಥೆ

ಇಪ್ಪತ್ತನೆಯ ಶತಮಾನದ ಆರಂಭದವರೆಗೆ ಅಮೆರಿಕದ ದಿನಸಿ ಅಂಗಡಿಗಳು ನಮ್ಮ ಪೇಟೆ ಬೀದಿಯ ಅಂಗಡಿಗಳಂತೆಯೇ ನಡೆಯುತ್ತಿದ್ದವು. ಗಿರಾಕಿ ಚೀಟಿ ಕೊಡಬೇಕು, ಅಂಗಡಿಯ ಆಳು ಒಳಗಿನಿಂದ ಸಾಮಾನು ತಂದು, ತೂಗಿ, ಕಟ್ಟಿಕೊಡಬೇಕು. ಈ ಪದ್ಧತಿಯನ್ನು ಮುರಿದವನು ಟೆನೆಸಿ ರಾಜ್ಯದ ಮೆಂಫಿಸ್ ನಗರದ ವ್ಯಾಪಾರಿ ಕ್ಲಾರೆನ್ಸ್ ಸಾಂಡರ್ಸ್. 1916ರಲ್ಲಿ ಅವನು ತೆರೆದ ಪಿಗ್ಲಿ ವಿಗ್ಲಿ ಅಂಗಡಿಯಲ್ಲಿ ಗಿರಾಕಿ ಬುಟ್ಟಿ ಹಿಡಿದು ಒಳಗೆ ಹೋಗಿ, ಸಾಲು ಸಾಲು ಕಪಾಟುಗಳ ನಡುವೆ ತಿರುಗಿ, ಬೇಕಾದ್ದನ್ನು ತಾನೇ ಎತ್ತಿಕೊಂಡು ಹೊರದಾರಿಯಲ್ಲಿ ಹಣ ಕೊಡುತ್ತಿದ್ದ. ಒಳಬರುವ ದಾರಿ ಒಂದು, ಹೊರಹೋಗುವ ದಾರಿ ಇನ್ನೊಂದು, ನಡುವೆ ಎಲ್ಲ ಸರಕಿನ ಮುಂದೆಯೂ ಹಾದುಹೋಗಲೇಬೇಕಾದ ಸುತ್ತು. ಈ ವಿನ್ಯಾಸಕ್ಕೆ ಸಾಂಡರ್ಸ್ 1917ರಲ್ಲಿ ಪೇಟೆಂಟ್ ಪಡೆದ. ಆಳುಗಳ ಖರ್ಚು ಇಳಿದದ್ದರಿಂದ ಬೆಲೆ ಇಳಿಸಲು ಸಾಧ್ಯವಾಯಿತು. ಇಂದಿನ ಸೂಪರ್ ಮಾರ್ಕೆಟ್ಟಿನ ನಕ್ಷೆ ಬಹುಮಟ್ಟಿಗೆ ಅವನದೇ.

ಷೇರುಪೇಟೆಯ ಜಗಳದಲ್ಲಿ ಸಿಲುಕಿ ಪಿಗ್ಲಿ ವಿಗ್ಲಿಯನ್ನು ಕಳೆದುಕೊಂಡ ಸಾಂಡರ್ಸ್ 1937ರಲ್ಲಿ ಕೀಡೂಜಲ್ ಎಂಬ ಇನ್ನೊಂದು ಅಂಗಡಿ ತೆರೆದ. ಇದರ ಕಥೆ ಅಷ್ಟಾಗಿ ಯಾರಿಗೂ ನೆನಪಿಲ್ಲ, ಆದರೆ ಸೆಲ್ಫ್ ಚೆಕ್‌ಔಟಿನ ನಿಜವಾದ ಪೂರ್ವಜ ಇದೇ ಎನ್ನಬಹುದು. ಮಾದರಿ ಸಾಮಾನುಗಳನ್ನು ಗಾಜಿನ ಹಿಂದೆ ಇಟ್ಟಿರುತ್ತಿದ್ದರು. ಗಿರಾಕಿ ತನಗೆ ಕೊಟ್ಟ ಕೀಲಿಯನ್ನು ಬೇಕಾದ ಸಾಮಾನಿನ ಪಕ್ಕದ ತೂತಿಗೆ ಹಾಕಿದರೆ ಆಯ್ಕೆ ದಾಖಲಾಗುತ್ತಿತ್ತು. ಒಳಗಿನ ಯಂತ್ರಗಳು ಸರಕನ್ನು ಕೂಡಿಸಿ ಚಲಿಸುವ ಪಟ್ಟಿಯ ಮೇಲೆ ಸಾಗಿಸಿ ಹೊರಗೆ ತಲುಪಿಸುತ್ತಿದ್ದವು. ಯಂತ್ರಗಳು ಪದೇಪದೇ ಕೆಟ್ಟವು, ಜನ ಹೆಚ್ಚಾದಾಗ ಸರಕುಗಳು ಅದಲುಬದಲಾದವು. ಒಂದಕ್ಕಿಂತ ಹೆಚ್ಚು ಸಲ ಪ್ರಯತ್ನಿಸಿದರೂ ಅದು ನಿಲ್ಲಲಿಲ್ಲ. ಸಾಂಡರ್ಸ್ 1953ರಲ್ಲಿ ತೀರಿಕೊಂಡ.

ಅವನ ಯಂತ್ರಕ್ಕೆ ಇಲ್ಲದಿದ್ದದ್ದು ಸಾಮಾನನ್ನು ಗುರುತಿಸುವ ಕಣ್ಣು. ಅದನ್ನು ಬಾರ್‌ಕೋಡ್ ಕೊಟ್ಟಿತು. ಜೋಸೆಫ್ ವುಡ್‌ಲ್ಯಾಂಡ್ ಮತ್ತು ಬರ್ನಾರ್ಡ್ ಸಿಲ್ವರ್ ಅವರಿಗೆ ಇದರ ಪೇಟೆಂಟ್ ಸಿಕ್ಕಿದ್ದು 1952ರಲ್ಲಿ. ಅಂಗಡಿಯಲ್ಲಿ ಬಳಕೆಗೆ ಬರಲು ಇನ್ನೂ ಎರಡು ದಶಕ ಹಿಡಿಯಿತು. 1974ರ ಜೂನ್ 26ರಂದು ಓಹಾಯೊ ರಾಜ್ಯದ ಟ್ರಾಯ್ ಊರಿನ ಮಾರ್ಷ್ ಸೂಪರ್ ಮಾರ್ಕೆಟ್ಟಿನಲ್ಲಿ 67 ಸೆಂಟ್ ಬೆಲೆಯ ಒಂದು ಪೊಟ್ಟಣ ಚೂಯಿಂಗ್ ಗಮ್ ಸ್ಕ್ಯಾನರಿನ ಮೇಲೆ ಹಾದುಹೋಯಿತು. ಬೆಲೆ ಬಾಯಿಪಾಠ ಮಾಡಿಕೊಂಡ, ಗುಂಡಿ ಒತ್ತುವುದರಲ್ಲಿ ಪಳಗಿದ ಕ್ಯಾಷಿಯರನ ನೈಪುಣ್ಯ ಅಂದಿನಿಂದ ಕಡಿಮೆ ಬೆಲೆಯದಾಯಿತು. ಸಾಮಾನನ್ನು ಗಾಜಿನ ಮೇಲೆ ಎಳೆಯುವುದಷ್ಟೇ ಕೆಲಸವಾದರೆ ಅದನ್ನು ಗಿರಾಕಿಯೇ ಯಾಕೆ ಮಾಡಬಾರದು ಎಂಬ ಪ್ರಶ್ನೆ ಏಳಲು ಹೆಚ್ಚು ಕಾಲ ಬೇಕಾಗಲಿಲ್ಲ.

ಯಂತ್ರದ ಹುಟ್ಟು

ಆ ಪ್ರಶ್ನೆಯನ್ನು ಯಂತ್ರವಾಗಿಸಿದವರು ಫ್ಲಾರಿಡಾದ ಡೇವಿಡ್ ಹಂಬಲ್. 1984ರಲ್ಲಿ ಅವರು ದಿನಸಿ ಅಂಗಡಿಯ ಉದ್ದ ಸಾಲಿನಲ್ಲಿ ನಿಂತಿದ್ದಾಗ, ಮುಂದಿದ್ದ ಗಿರಾಕಿ ತಾಳ್ಮೆಗೆಟ್ಟು ಕ್ಯಾಷಿಯರ್ ಕೈಯಿಂದ ಸಾಮಾನು ಕಿತ್ತುಕೊಂಡು ತಾನೇ ಸ್ಕ್ಯಾನ್ ಮಾಡಿದನೆಂದೂ ಅದರಿಂದಲೇ ಈ ಯೋಚನೆ ಹೊಳೆಯಿತೆಂದೂ ಒಂದು ಕಥೆಯಿದೆ. ಸಂಶೋಧಕರ ಬಗ್ಗೆ ಹುಟ್ಟುವ ಇಂಥ ಕಥೆಗಳನ್ನು ಸ್ವಲ್ಪ ರಿಯಾಯಿತಿ ಕೊಟ್ಟೇ ಕೇಳಬೇಕು. ಹಂಬಲ್ ಅವರ ಕಂಪನಿಯ ಚೆಕ್‌ರೋಬಾಟ್ ಯಂತ್ರ 1986ರಲ್ಲಿ ಅಟ್ಲಾಂಟಾ ಬಳಿಯ ಕ್ರೋಗರ್ ಅಂಗಡಿಯೊಂದರಲ್ಲಿ ಕೆಲಸಕ್ಕಿಳಿಯಿತು. ಅದು ಇಂದಿನ ಯಂತ್ರಕ್ಕಿಂತ ಬಹಳ ದೊಡ್ಡದು. ಗಿರಾಕಿ ಸ್ಕ್ಯಾನ್ ಮಾಡಿದ ಸಾಮಾನು ಚಲಿಸುವ ಪಟ್ಟಿಯ ಮೇಲೆ ಸಾಗಿ ಕೊನೆಯಲ್ಲಿ ನಿಂತ ನೌಕರನನ್ನು ತಲುಪುತ್ತಿತ್ತು, ಅವನು ಚೀಲಕ್ಕೆ ತುಂಬುತ್ತಿದ್ದ. ಹಣ ಕೊಡಲು ಮತ್ತೆ ಬೇರೊಂದು ಕೌಂಟರಿಗೆ ಹೋಗಬೇಕಿತ್ತು. ಒಟ್ಟಿನಲ್ಲಿ ಅರ್ಧ ಕೆಲಸ ಮಾತ್ರ ಗಿರಾಕಿಯದಾಗಿತ್ತು.

ಉಳಿದರ್ಧವನ್ನು ಕೂಡಿಸಿದವರಲ್ಲಿ ಮುಖ್ಯರು ಕೆನಡಾದ ಮಾಂಟ್ರಿಯಲ್‌ನ ಡಾ. ಹಾವರ್ಡ್ ಷ್ನೈಡರ್. ಅವರ ಆಪ್ಟಿಮಲ್ ರೋಬಾಟಿಕ್ಸ್ ಕಂಪನಿಯ ಯಂತ್ರ 1992ರಲ್ಲಿ ನ್ಯೂಯಾರ್ಕ್ ರಾಜ್ಯದ ಪ್ರೈಸ್ ಚಾಪರ್ ಅಂಗಡಿಗೆ ಬಂತು. ಕ್ರಮೇಣ ಸ್ಕ್ಯಾನರು, ಹಣ ಪಡೆದು ಚಿಲ್ಲರೆ ಕೊಡುವ ಪೆಟ್ಟಿಗೆ, ಪರದೆ, ಧ್ವನಿ, ಚೀಲ ಇಡುವ ಜಾಗದಡಿ ಒಂದು ತಕ್ಕಡಿ ಇವೆಲ್ಲ ಒಂದೇ ಚೌಕಟ್ಟಿನಲ್ಲಿ ಸೇರಿದವು. ಮುಂದೆ ಎನ್‌ಸಿಆರ್, ಫುಜಿತ್ಸುವಿನಂಥ ದೊಡ್ಡ ಕಂಪನಿಗಳು ಈ ವ್ಯಾಪಾರವನ್ನು ಕೈಗೆ ತೆಗೆದುಕೊಂಡವು. ಆಪ್ಟಿಮಲ್ ತನ್ನ ವಿಭಾಗವನ್ನು 2004ರಲ್ಲಿ ಫುಜಿತ್ಸುವಿಗೆ ಮಾರಿತು.

ಈ ಯಂತ್ರದ ಒಳಗುಟ್ಟು ತಕ್ಕಡಿ. ಪ್ರತಿ ಸಾಮಾನಿನ ತೂಕ ಮೊದಲೇ ಕಂಪ್ಯೂಟರಿನಲ್ಲಿ ದಾಖಲಾಗಿರುತ್ತದೆ. ಸ್ಕ್ಯಾನ್ ಮಾಡಿದ ಸಾಮಾನನ್ನು ಚೀಲದ ಜಾಗದಲ್ಲಿಟ್ಟಾಗ ತೂಕ ತಾಳೆಯಾಗದಿದ್ದರೆ ದೀಪ ಮಿನುಗುತ್ತದೆ, ಮೇಲ್ವಿಚಾರಕರು ಬಂದು ಬಿಡಿಸುವವರೆಗೆ ಯಂತ್ರ ಮುಂದೆ ಹೋಗುವುದಿಲ್ಲ. ಮನೆಯಿಂದ ತಂದ ಬಟ್ಟೆಚೀಲ ಇಟ್ಟರೂ, ಮಗು ಕೈಯೂರಿದರೂ ಅದಕ್ಕೆ ಅನುಮಾನ. ಚೀಲದ ಜಾಗದಲ್ಲಿ ಅನಿರೀಕ್ಷಿತ ವಸ್ತು ಇದೆ ಎಂದು ಅದು ಹೇಳುವ ಮಾತು ಬ್ರಿಟನ್ನಿನಲ್ಲಿ ಹಾಸ್ಯಕ್ಕೂ ಸಿಡುಕಿಗೂ ಎಷ್ಟು ವಸ್ತುವಾಯಿತೆಂದರೆ 2015ರಲ್ಲಿ ಅಲ್ಲಿನ ಸೂಪರ್ ಮಾರ್ಕೆಟ್ ಸಂಸ್ಥೆ ಟೆಸ್ಕೊ ತನ್ನ ಯಂತ್ರಗಳ ದನಿಯನ್ನೇ ಬದಲಿಸಿ, ಮಾತನ್ನು ಮೃದುಗೊಳಿಸಿತು.

ಲಾಭ ಯಾರಿಗೆ

ಗಿರಾಕಿಗೆ ಹೇಳುವ ಮೊದಲ ಲಾಭ ವೇಗ. ಎರಡು ಮೂರು ಸಾಮಾನು ಹಿಡಿದವರಿಗೆ ಇದು ನಿಜ. ತುಂಬಿದ ಗಾಡಿ ತಳ್ಳಿಕೊಂಡು ಬಂದವರಿಗೆ ನಿಜವಲ್ಲ: ನುರಿತ ಕ್ಯಾಷಿಯರ್ ಯಾವ ಗಿರಾಕಿಗಿಂತಲೂ ಬೇಗ ಸ್ಕ್ಯಾನ್ ಮಾಡುತ್ತಾರೆ, ತರಕಾರಿಯ ಸಂಕೇತಗಳು ಅವರಿಗೆ ಬಾಯಿಪಾಠ. ಸುಮ್ಮನೆ ನಿಂತು ಕಾಯುವುದಕ್ಕಿಂತ ಕೈಗೆ ಕೆಲಸವಿದ್ದರೆ ಹೊತ್ತು ಹೋದದ್ದು ತಿಳಿಯುವುದಿಲ್ಲ, ಅಷ್ಟೆ. ಇನ್ನೊಂದು ಲಾಭ ಹೆಚ್ಚು ಮಾತಿಗೆ ಬಾರದ್ದು, ಆದರೆ ಗಟ್ಟಿಯಾದದ್ದು. ಸ್ಯಾನಿಟರಿ ಪ್ಯಾಡ್, ಕಾಂಡೋಮ್, ಗರ್ಭಪರೀಕ್ಷೆಯ ಕಿಟ್ ಕೊಳ್ಳುವವರಿಗೆ ಯಾರ ಮುಖವನ್ನೂ ನೋಡದೆ ಹಣ ಕಟ್ಟಿ ಹೋಗುವ ಅವಕಾಶ ಬೇಕಾಗಿರುತ್ತದೆ. ಊರ ಭಾಷೆ ಬಾರದ ವಲಸಿಗರಿಗೆ ಪರದೆಯ ಮೇಲೆ ಭಾಷೆ ಆರಿಸಿಕೊಳ್ಳುವ ಅನುಕೂಲವಿದೆ. 2020ರ ಕೊರೊನಾ ಕಾಲದಲ್ಲಿ ಅಂತರ ಕಾಯುವ ಅಗತ್ಯವೂ ಜನರನ್ನು ಯಂತ್ರದತ್ತ ತಳ್ಳಿತು.

ಅಂಗಡಿಯ ಲಾಭ ಇದಕ್ಕಿಂತ ಸರಳ. ಆರೆಂಟು ಯಂತ್ರಗಳಿಗೆ ಒಬ್ಬ ಮೇಲ್ವಿಚಾರಕ ಸಾಕು, ಒಂದು ಕೌಂಟರಿನ ಜಾಗದಲ್ಲಿ ಮೂರು ನಾಲ್ಕು ಯಂತ್ರ ಹಿಡಿಸುತ್ತವೆ. ಆದರೂ ಒಟ್ಟು ಉಳಿತಾಯ ನಿರೀಕ್ಷಿಸಿದಷ್ಟು ದೊಡ್ಡದಾಗಿರಲಿಲ್ಲ. ಅರ್ಥಶಾಸ್ತ್ರಜ್ಞರಾದ ಡರಾನ್ ಅಸೆಮೊಗ್ಲು ಮತ್ತು ಪಾಸ್ಕುವಲ್ ರೆಸ್ಟ್ರೆಪೊ, ಮನುಷ್ಯರ ಕೆಲಸ ಕಿತ್ತುಕೊಂಡೂ ಉತ್ಪಾದಕತೆಯನ್ನು ಹೇಳಿಕೊಳ್ಳುವಷ್ಟು ಹೆಚ್ಚಿಸದ ಅಷ್ಟಕ್ಕಷ್ಟೆ ತಂತ್ರಜ್ಞಾನಗಳ ಬಗ್ಗೆ ಬರೆದಿದ್ದಾರೆ. ಅದಕ್ಕೆ ಅವರು ಕೊಡುವ ಉದಾಹರಣೆಗಳಲ್ಲಿ ಸೆಲ್ಫ್ ಚೆಕ್‌ಔಟ್ ಕೂಡ ಒಂದು. ಹೊಸ ಯಂತ್ರವೊಂದು ನೌಕರಿ ತೆಗೆದರೂ ಸರಕನ್ನು ಅಗ್ಗವಾಗಿಸಿ ಬೇರೆಡೆ ನೌಕರಿ ಹುಟ್ಟಿಸಬಹುದು. ಇದು ಅಂಥದ್ದಲ್ಲ ಎಂಬುದು ಅವರ ವಾದ. ಕೌಂಟರಿನಲ್ಲಿ ಉಳಿದವರ ಕೆಲಸವೂ ಹಗುರಾಗಲಿಲ್ಲ. ಏಕಕಾಲಕ್ಕೆ ಆರು ಯಂತ್ರಗಳ ದೀಪ ನೋಡಬೇಕು, ಮದ್ಯ ಕೊಳ್ಳುವವರ ವಯಸ್ಸು ಪರಿಶೀಲಿಸಬೇಕು, ಅನುಮಾನ ಬಂದವರನ್ನು ತಡೆದು ಅವರ ಬೈಗುಳ ಕೇಳಬೇಕು. ಮದ್ಯದ ವಿಷಯದಲ್ಲಿ ಕ್ಯಾಲಿಫೋರ್ನಿಯ 2011ರಲ್ಲಿ ಕಾನೂನು ಮಾಡಿ, ಈ ಯಂತ್ರಗಳ ಮೂಲಕ ಮಾರುವುದನ್ನೇ ನಿಷೇಧಿಸಿತು.

ಸೋರಿಕೆ

ಯಂತ್ರದ ಅತಿ ದೊಡ್ಡ ಖರ್ಚು ಅದರ ಬೆಲೆಪಟ್ಟಿಯಲ್ಲಿ ಇರುವುದಿಲ್ಲ. ಬ್ರಿಟನ್ನಿನ ಲೆಸ್ಟರ್ ವಿಶ್ವವಿದ್ಯಾಲಯದ ಅಪರಾಧಶಾಸ್ತ್ರಜ್ಞ ಏಡ್ರಿಯನ್ ಬೆಕ್ ಈ ವಿಷಯವನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದ್ದಾರೆ. ಗಿರಾಕಿಗಳೇ ಸ್ಕ್ಯಾನ್ ಮಾಡಿದ ಸುಮಾರು 10 ಲಕ್ಷ ಖರೀದಿಗಳನ್ನು ಪರಿಶೀಲಿಸಿದ ಅವರ ತಂಡದ 2016ರ ವರದಿಯ ಪ್ರಕಾರ, ಸರಕಿನ ಮೌಲ್ಯದ ಶೇ. 4ರಷ್ಟು ಬಿಲ್ ಆಗದೆ ಹೊರಹೋಗಿತ್ತು. ಶೇಕಡ ಎರಡು ಮೂರರ ನಿವ್ವಳ ಲಾಭದಲ್ಲಿ ನಡೆಯುವ ದಿನಸಿ ವ್ಯಾಪಾರಕ್ಕೆ ಇದು ಸಣ್ಣ ಸಂಖ್ಯೆಯಲ್ಲ.

ಇದರಲ್ಲಿ ಕಳವು ಎಷ್ಟು, ತಪ್ಪು ಎಷ್ಟು ಎಂದು ಬಿಡಿಸುವುದೇ ಕಷ್ಟ, ಮತ್ತು ವಿಷಯದ ಸ್ವಾರಸ್ಯ ಇರುವುದೂ ಅಲ್ಲೇ. ಬಾರ್‌ಕೋಡ್ ಓದದೆ ಹೋದ ಪೊಟ್ಟಣವನ್ನು ಬೇಸತ್ತು ಹಾಗೆಯೇ ಚೀಲಕ್ಕೆ ಹಾಕಿಕೊಂಡವರು ತಮ್ಮನ್ನು ಕಳ್ಳರೆಂದು ಎಣಿಸುವುದಿಲ್ಲ. ಕ್ಯಾಷಿಯರನ ಕೆಲಸ ನನ್ನಿಂದ ಮಾಡಿಸಿಕೊಂಡಿದ್ದಾರೆ, ಇದು ಅದರ ಕೂಲಿ ಎಂದುಕೊಳ್ಳುವವರೂ ಇದ್ದಾರೆ. ಬಾರ್‌ಕೋಡ್ ಇಲ್ಲದ ಹಣ್ಣು ತರಕಾರಿಯನ್ನು ಪರದೆಯ ಚಿತ್ರ ನೋಡಿ ಗಿರಾಕಿಯೇ ಗುರುತಿಸಬೇಕಾದ್ದರಿಂದ ಅಲ್ಲೊಂದು ದೊಡ್ಡ ಕಂಡಿ ಉಳಿದಿದೆ: ದುಬಾರಿ ಬೆಣ್ಣೆಹಣ್ಣನ್ನು ತಕ್ಕಡಿಯ ಮೇಲಿಟ್ಟು ಅಗ್ಗದ ಕ್ಯಾರೆಟ್ ಎಂದು ಒತ್ತಿದರೆ ತೂಕ ಸರಿಯಾಗಿಯೇ ಇರುತ್ತದೆ, ತಕ್ಕಡಿಗೆ ಮೋಸ ತಿಳಿಯದು. ಲಂಡನ್ನಿನ ಅಪರಾಧಶಾಸ್ತ್ರಜ್ಞೆ ಎಮ್ಮೆಲಿನ್ ಟೇಲರ್ ಆಸ್ಟ್ರೇಲಿಯದ ಅಂಗಡಿಗಳ ಕ್ಯಾರೆಟ್ ಲೆಕ್ಕದ ಬಗ್ಗೆ ಬರೆದಿದ್ದಾರೆ. ದಾಸ್ತಾನಿನಲ್ಲಿ ಇದ್ದದ್ದಕ್ಕಿಂತ ಹೆಚ್ಚು ಕ್ಯಾರೆಟ್ ಅಲ್ಲಿ ಮಾರಾಟವಾಗಿತ್ತು. ಮನುಷ್ಯರ ಕಣ್ಣೆದುರು ಜೇಬಿಗೆ ಕೈ ಹಾಕದವರೂ ಯಂತ್ರದೆದುರು ಹೀಗೆ ಮಾಡುತ್ತಾರೆ ಎಂಬುದು ಅವರು ಎತ್ತಿ ತೋರಿಸಿದ ಅಂಶ.

ನಷ್ಟ ತಡೆಯಲು ಅಂಗಡಿಗಳು ಕ್ಯಾಮೆರಾ ಹೆಚ್ಚಿಸಿದವು, ರಸೀದಿ ಸ್ಕ್ಯಾನ್ ಮಾಡಿದರೆ ಮಾತ್ರ ತೆರೆಯುವ ಗೇಟುಗಳನ್ನು ಹಾಕಿದವು. ಹೀಗೆ ಅನುಕೂಲಕ್ಕೆಂದು ಬಂದ ಜಾಗ ತಪಾಸಣೆಯ ಜಾಗವಾಯಿತು. ಪ್ರಾಮಾಣಿಕವಾಗಿ ಒಂದು ಪೊಟ್ಟಣ ಮರೆತ ವೃದ್ಧರೂ ಕಳವಿನ ಆರೋಪ ಎದುರಿಸಬೇಕಾದ ಪ್ರಸಂಗಗಳು ನಡೆದಿವೆ. ಸ್ಪರ್ಶಿಸಿ ನಡೆಸುವ ನುಣುಪು ಪರದೆ ಕಣ್ಣು ಕಾಣದವರಿಗೆ ಇದ್ದೂ ಇಲ್ಲದಂತೆ.

ಹಿಮ್ಮೆಟ್ಟು

ಯಂತ್ರವನ್ನು ಕಿತ್ತೆಸೆಯುವುದು ಹೊಸದೇನಲ್ಲ. ಅಮೆರಿಕದ ಆಲ್ಬರ್ಟ್‌ಸನ್ಸ್ 2011ರಲ್ಲೇ ಹಲವು ಅಂಗಡಿಗಳಿಂದ ತೆಗೆಸಿ, ಕೆಲವು ವರ್ಷಗಳ ನಂತರ ಮತ್ತೆ ತರಿಸಿತ್ತು. ಆದರೆ 2023ರ ಈಚೆಗಿನ ಹಿಮ್ಮೆಟ್ಟು ಹೆಚ್ಚು ವ್ಯಾಪಕ. ಇಂಗ್ಲೆಂಡಿನ ಉತ್ತರ ಭಾಗದ ಬೂತ್ಸ್ ಸಂಸ್ಥೆ 2023ರ ನವೆಂಬರಿನಲ್ಲಿ ತನ್ನ 28 ಅಂಗಡಿಗಳಲ್ಲಿ ಎರಡನ್ನು ಬಿಟ್ಟು ಉಳಿದೆಲ್ಲದರಿಂದ ಯಂತ್ರಗಳನ್ನು ತೆಗೆಯುವುದಾಗಿ ಪ್ರಕಟಿಸಿತು. 2024ರಲ್ಲಿ ಅಮೆರಿಕದ ಡಾಲರ್ ಜನರಲ್ ಸಾವಿರಾರು ಅಂಗಡಿಗಳಲ್ಲಿ ಅದನ್ನು ಕೈಬಿಟ್ಟಿತು, ಟಾರ್ಗೆಟ್ ಬಹುತೇಕ ಅಂಗಡಿಗಳಲ್ಲಿ 10 ಸಾಮಾನಿನ ಮಿತಿ ಹಾಕಿತು. 2025ರಲ್ಲಿ ಕ್ಯಾಲಿಫೋರ್ನಿಯದ ಲಾಂಗ್ ಬೀಚ್ ನಗರಸಭೆ ಪ್ರತಿ ಮೂರು ಯಂತ್ರಗಳಿಗೆ ಒಬ್ಬ ನೌಕರ ಇರಲೇಬೇಕೆಂದು ನಿಯಮ ಮಾಡಿತು. ಮೂರಕ್ಕೆ ಒಬ್ಬರೆಂದರೆ ಕೂಲಿಯ ಉಳಿತಾಯದಲ್ಲಿ ದೊಡ್ಡ ಪಾಲು ಹೋದಂತೆಯೇ.

ಬೇರೆ ದಾರಿ ಹಿಡಿದವರೂ ಇದ್ದಾರೆ. ಜಪಾನಿನ ಅನೇಕ ಅಂಗಡಿಗಳಲ್ಲಿ ಸ್ಕ್ಯಾನ್ ಮಾಡುವುದು ನೌಕರರು, ಹಣ ಕಟ್ಟುವುದು ಮಾತ್ರ ಯಂತ್ರಕ್ಕೆ. ಅಲ್ಲಿ ಕೆಲಸಗಾರರ ಕೊರತೆಯಿದೆ, ಸೋರಿಕೆಯೂ ಆಗಬಾರದು. ಎರಡಕ್ಕೂ ಇದು ಹೊಂದುತ್ತದೆ. ನೆದರ್ಲೆಂಡ್ಸಿನ ಯುಂಬೊ ಸಂಸ್ಥೆ 2019ರಲ್ಲಿ ಫ್ಲೈಮನ್ ಎಂಬ ಊರಿನಲ್ಲಿ ಅವಸರವಿಲ್ಲದವರಿಗೆಂದೇ ಹರಟೆಯ ಕೌಂಟರ್ ತೆರೆಯಿತು. ಒಂಟಿಯಾಗಿರುವ ಹಿರಿಯರಿಗೆ ಕ್ಯಾಷಿಯರಿನೊಡನೆ ಆಡುವ ನಾಲ್ಕು ಮಾತೇ ದಿನದ ಮಾತುಕತೆಯಾಗಿರುತ್ತದೆ ಎಂಬುದನ್ನು ಗಮನಿಸಿ, 2021ರಲ್ಲಿ ಅದನ್ನು 200 ಅಂಗಡಿಗಳಿಗೆ ವಿಸ್ತರಿಸಲು ಮುಂದಾಯಿತು.

2018ರ ಜನವರಿಯಲ್ಲಿ ಸಿಯಾಟಲ್‌ನಲ್ಲಿ ಸಾರ್ವಜನಿಕರಿಗೆ ತೆರೆದ ಅಮೆಜಾನ್ ಗೋ, ಸ್ಕ್ಯಾನ್ ಮಾಡುವ ಕೆಲಸವನ್ನೇ ಇಲ್ಲವಾಗಿಸಲು ಹೊರಟಿತ್ತು. ಸೂರಿನ ಕ್ಯಾಮೆರಾಗಳು, ಕಪಾಟಿನ ತೂಕಮಾಪಕಗಳು ಎತ್ತಿಕೊಂಡದ್ದನ್ನು ಗುರುತಿಸಿ ಖಾತೆಯಿಂದ ಹಣ ಕಡಿತ ಮಾಡುತ್ತಿದ್ದವು. ಈ ಖರೀದಿಗಳನ್ನು ಪರಿಶೀಲಿಸಲು ಭಾರತದಲ್ಲಿ ಸುಮಾರು 1000 ಮಂದಿ ದೃಶ್ಯಗಳನ್ನು ನೋಡುತ್ತ ಕೂತಿದ್ದರೆಂದು ಅಮೆರಿಕದ ಪತ್ರಿಕೆಗಳು ವರದಿ ಮಾಡಿದವು. ಅವರು ಯಂತ್ರಕ್ಕೆ ಕಲಿಸಲು ದೃಶ್ಯಗಳಿಗೆ ಗುರುತು ಹಾಕುವವರು, ಪರಿಶೀಲನೆ ಬೇಕಾಗುವುದು ಕೆಲವಕ್ಕೆ ಮಾತ್ರ ಎಂದು ಅಮೆಜಾನ್ ಉತ್ತರಿಸಿತು. 2024ರಲ್ಲಿ ಕಂಪನಿ ತನ್ನ ದೊಡ್ಡ ದಿನಸಿ ಅಂಗಡಿಗಳಿಂದ ಈ ವ್ಯವಸ್ಥೆಯನ್ನು ತೆಗೆಯಿತು.

ಭಾರತದಲ್ಲಿ

ಭಾರತದಲ್ಲಿ ಈ ಯಂತ್ರ ದಿನಸಿ ವ್ಯಾಪಾರಕ್ಕೆ ಹೆಚ್ಚೇನೂ ಇಳಿದಿಲ್ಲ, ಕಾರಣ ತಂತ್ರಜ್ಞಾನದ ಕೊರತೆಯಲ್ಲ. 2016ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಪರ್ಪ್ಯೂಲ್ ಕಂಪನಿ, ಗಿರಾಕಿ ತನ್ನ ಮೊಬೈಲಿನಲ್ಲೇ ಬಾರ್‌ಕೋಡ್ ಓದಿಸಿ ಹಣ ಕಟ್ಟಿ ಹೊರಡುವ ಆ್ಯಪ್ ಮಾಡಿತ್ತು. ಬರಬರುತ್ತ ಅದು ಅಂಗಡಿಗಳಿಗೆ ಆನ್‌ಲೈನ್ ವ್ಯಾಪಾರ ಕಟ್ಟಿಕೊಡುವತ್ತ ಹೊರಳಿತು. 2021ರಲ್ಲಿ ಅಮೆಜಾನ್ ಅದನ್ನು ಕೊಂಡಿತು. ಕ್ರೀಡಾ ಸಾಮಗ್ರಿಯ ಡೆಕಾಥ್ಲಾನ್ ತನ್ನ ಸರಕಿಗೆ ರೇಡಿಯೊ ಅಲೆಗಳ ಮೂಲಕ ದೂರದಿಂದಲೇ ಓದಬಹುದಾದ ಆರ್‌ಎಫ್‌ಐಡಿ ಚಿಪ್ ಅಂಟಿಸುವುದರಿಂದ ಸಾಮಾನನ್ನೆಲ್ಲ ತೊಟ್ಟಿಗೆ ಸುರಿದರೆ ಬಿಲ್ ತಾನೇ ಬರುವ ಯಂತ್ರ ಅಲ್ಲಿ ಹೊಂದಿಕೊಂಡಿದೆ. ಆದರೆ ಹತ್ತು ರೂಪಾಯಿಯ ಬಿಸ್ಕತ್ತಿನ ಪೊಟ್ಟಣಕ್ಕೆ ಕೆಲವು ರೂಪಾಯಿಯ ಚಿಪ್ ಅಂಟಿಸಿದರೆ ಉಳಿಯುವುದೇನು?

ಹಣ ಮೊದಲೇ ಕಟ್ಟಬೇಕಾದ ಕಡೆ ಮಾತ್ರ ನಾವು ಸ್ವಯಂಸೇವೆಯನ್ನು ಸುಲಭವಾಗಿ ಒಪ್ಪಿಕೊಂಡಿದ್ದೇವೆ. 1983ರಲ್ಲಿ ಬೆಂಗಳೂರಿನ ಜಯನಗರದ ಕೆಫೆ ದರ್ಶಿನಿಯಿಂದ ಶುರುವಾದ ದರ್ಶಿನಿ ಹೋಟೆಲುಗಳಲ್ಲಿ ಮಾಣಿಯ ಕೆಲಸವನ್ನು ಗಿರಾಕಿಯೇ ಮಾಡುತ್ತಾನೆ, ಆದರೆ ಟೋಕನ್ ತೆಗೆದುಕೊಂಡ ಮೇಲೆ. ನಮ್ಮ ಮೆಟ್ರೊದ ಕ್ಯೂಆರ್ ಟಿಕೆಟ್ 2022ರ ನವೆಂಬರಿನಲ್ಲಿ ಬಂದಾಗಲೂ ಹೀಗೆಯೇ: ಹಣ ಮೊದಲು, ಗೇಟು ಆಮೇಲೆ. ಅಲ್ಲಿ ಬಿಲ್ ಆಗದೆ ದಾಟುವ ಪ್ರಶ್ನೆಯೇ ಏಳುವುದಿಲ್ಲ. ಸೂಪರ್ ಮಾರ್ಕೆಟ್ಟಿನಲ್ಲಿ ತರಕಾರಿ ತೂಗಿ ಚೀಟಿ ಅಂಟಿಸಲು ಒಬ್ಬರು, ಬಿಲ್ ಮಾಡಲು ಒಬ್ಬರು, ಬಾಗಿಲಲ್ಲಿ ಆ ಬಿಲ್ಲನ್ನು ನೋಡಿ ಮುದ್ರೆ ಒತ್ತಲು ಇನ್ನೊಬ್ಬರು ಇರುತ್ತಾರೆ. ಆ ಮೂವರ ಸಂಬಳ ಸೇರಿಸಿದರೂ ಆಮದು ಯಂತ್ರ, ಅದರ ದುರಸ್ತಿ ಮತ್ತು ಸೋರಿಕೆಯ ಲೆಕ್ಕ ಮಾಲೀಕನಿಗೆ ದುಬಾರಿಯಾಗಿಯೇ ಕಾಣುತ್ತದೆ. ಕೂಲಿ ಹೀಗೆ ಅಗ್ಗವಾಗಿರುವವರೆಗೆ ಇಲ್ಲಿನ ಬಿಲ್ಲಿಂಗ್ ಕೌಂಟರಿನಲ್ಲಿ ಮನುಷ್ಯರೇ ಕೂತಿರುತ್ತಾರೆ.