ಬಿಸಿಲು ಕಲಿಸಿದ ಪಾಠ

ಬೇಸಿಗೆ ಬಂತೆಂದರೆ ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಯಲ್ಲಿ ಬಿಸಿಲು ಕೆಂಡ. ಹಳೆಯ ಮಾಳಿಗೆ ಮನೆಯ ದಪ್ಪ ಗೋಡೆ, ಮಣ್ಣಿನ ಛಾವಣಿ, ಬೆಳಕಿಂಡಿಗಳ ಬೆಲೆ ತಿಳಿಯುವುದು ಆಗಲೇ. ಮನೆ ಕಟ್ಟುವವರು ಮೊದಲು ಬಿಸಿಲು, ಗಾಳಿಯನ್ನು ನೋಡಬೇಕೆಂಬ ಈ ಹಳ್ಳಿಯ ತಿಳಿವಳಿಕೆಯನ್ನು ಶಾಸ್ತ್ರವಾಗಿ ಬೋಧಿಸಿದವರಲ್ಲಿ ಜರ್ಮನಿಯ ಒಟ್ಟೊ ಕೋನಿಗ್ಸ್‌ಬರ್ಗರ್ ಪ್ರಮುಖರು. ಅವರ ಬದುಕಿನ ಮುಖ್ಯ ಅಧ್ಯಾಯ ನಡೆದದ್ದು ಕನ್ನಡ ನೆಲದಲ್ಲಿ.

1908ರಲ್ಲಿ ಬರ್ಲಿನ್ನಿನಲ್ಲಿ ಹುಟ್ಟಿದ ಅವರು ಯೆಹೂದಿ ಮೂಲದವರು. 1933ರಲ್ಲಿ ನಾಜಿಗಳು ಅಧಿಕಾರಕ್ಕೆ ಬಂದಾಗ ಕೆಲಸ ಹೋಯಿತು. ಈಜಿಪ್ಟಿನಲ್ಲಿ ಕೆಲವು ವರ್ಷ ಕಳೆದು, ಸರ್ ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ, 1939ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಸೇರಿ ಮುಖ್ಯ ವಾಸ್ತುಶಿಲ್ಪಿಯಾದರು. ಬೆಂಗಳೂರಿನ ಬಸವನಗುಡಿಯ ಕೃಷ್ಣರಾವ್ ಪಾರ್ಕಿನ ಮಂಟಪ, ಭಾರತೀಯ ವಿಜ್ಞಾನ ಸಂಸ್ಥೆಯ ಮೆಟಲರ್ಜಿ ವಿಭಾಗ, ಊಟದ ಮನೆ ಮತ್ತು ಸಭಾಂಗಣ ಅವರ ಕೃತಿಗಳು. ಆಡಂಬರವಿಲ್ಲದ ರೂಪ, ನೆರಳು, ಗಾಳಿಯ ಓಡಾಟ ಇವೇ ಅವುಗಳ ಅಂದ.

ದೇಶ ವಿಭಜನೆಯಾದಾಗ ಲಕ್ಷಾಂತರ ಜನ ಮನೆ ಕಳೆದುಕೊಂಡು ಬಂದರು. 1948ರಲ್ಲಿ ಕೇಂದ್ರ ಸರ್ಕಾರದ ವಸತಿ ನಿರ್ದೇಶಕರಾದ ಕೋನಿಗ್ಸ್‌ಬರ್ಗರ್, ಸಿದ್ಧ ಹಲಗೆಗಳಿಂದ ಬೇಗನೆ ಮನೆ ಜೋಡಿಸುವ ಕಾರ್ಖಾನೆಯೊಂದನ್ನು ದೆಹಲಿಯಲ್ಲಿ ತೆರೆಯಿಸಿದರು. ಉದ್ದೇಶ ಒಳ್ಳೆಯದೇ. ಆದರೆ ಹಲಗೆಗಳು ಬಿರುಕುಬಿಟ್ಟವು, ಟೀಕೆಗಳ ಮಳೆಯಾಯಿತು. 1951ರಲ್ಲಿ ಅವರು ಭಾರತ ಬಿಟ್ಟರು.

ಅದೇ ಹೊತ್ತಿಗೆ ದೆಹಲಿಯ ಪಕ್ಕದ ಫರೀದಾಬಾದಿನಲ್ಲಿ ಬೇರೊಂದು ಕಥೆ ನಡೆದಿತ್ತು. ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರು ಕಟ್ಟಿದ ಸಹಕಾರಿ ಸಂಘಟನೆಯ ನೆರವಿನಿಂದ, ವಾಯವ್ಯ ಗಡಿನಾಡಿನಿಂದ ಬಂದ ನಿರಾಶ್ರಿತರು ಸ್ವಂತ ದುಡಿಮೆಯಿಂದ ತಮ್ಮ ಊರನ್ನು ಕಟ್ಟಿಕೊಂಡರು.

ಕೋನಿಗ್ಸ್‌ಬರ್ಗರ್ ಅವರ ಮುಂದಿನ ಕೆಲಸವೂ ಇದೇ ಹಾದಿಯದು. 1950ರ ದಶಕದಲ್ಲಿ ವಿಶ್ವಸಂಸ್ಥೆಯ ತಜ್ಞರಾಗಿ ಇಂದಿನ ಘಾನಾಕ್ಕೆ ಹೋದಾಗ, ಅವರೂ ಜೊತೆಗಾರರೂ ಸೂಚಿಸಿದ್ದು ಛಾವಣಿ ಸಾಲದ ಯೋಜನೆ. ಗೋಡೆಗಳನ್ನು ಜನರೇ ಎಬ್ಬಿಸುವರು. ಅವರ ಕೈಗೆಟುಕದ ಛಾವಣಿಗೆ ಮಾತ್ರ ಸರ್ಕಾರದ ಸಾಲ. ಬಳಿಕ ಲಂಡನ್ನಿನಲ್ಲಿ ಏಷ್ಯಾ, ಆಫ್ರಿಕಾದ ವಿದ್ಯಾರ್ಥಿಗಳಿಗೆ ಉಷ್ಣವಲಯದ ವಾಸ್ತುಶಿಲ್ಪ ಕಲಿಸಿದರು. 1999ರಲ್ಲಿ ತೀರಿಕೊಂಡರು.

ಪೂರ್ವ ಬಂಗಾಳದಿಂದ ಬಂದವರಿಗಾಗಿ 1970ರ ದಶಕದಲ್ಲಿ ಸಿಂಧನೂರು ತಾಲೂಕಿನಲ್ಲೂ ಪುನರ್ವಸತಿ ಕ್ಯಾಂಪುಗಳಾದವು. ಕೋನಿಗ್ಸ್‌ಬರ್ಗರ್ ಅವರಿಗೂ ಈ ಕ್ಯಾಂಪುಗಳಿಗೂ ನಂಟಿಲ್ಲ. ಆದರೆ ಅವರನ್ನು ಕಾಡಿದ ಪ್ರಶ್ನೆ ಇಲ್ಲಿಯದೂ ಹೌದು. ಬಡವರ ಮನೆಗೆ ನಕ್ಷೆ ಬರೆಯುವಾಗ ಮಲೆನಾಡಿನ ಮಳೆಗೂ ರಾಯಚೂರಿನ ಬಿಸಿಲಿಗೂ ಒಂದೇ ಅಳತೆ ಸಾಕೇ? ಅಲ್ಲಿ ಬಾಳಬೇಕಾದವರನ್ನು ಒಂದು ಮಾತು ಕೇಳಬೇಡವೇ?