ಹೃದಯಕೋಶದ ಬಾಗಿಲು ಎಲ್ಲಿದೆ?

ಮಾವಿನ ಮಿಡಿಗೆ ಉಪ್ಪು ಬೆರೆಸಿ ಭರಣಿಯಲ್ಲಿ ಮುಚ್ಚಿಟ್ಟರೆ ಕೆಲವೇ ದಿನಗಳಲ್ಲಿ ಮಿಡಿ ಚಿರುಟಿ, ಸುತ್ತ ಉಪ್ಪುನೀರು ನಿಂತಿರುತ್ತದೆ. ಹನಿ ನೀರು ಹಾಕದಿದ್ದರೂ ಅಷ್ಟು ನೀರು ಬಂದದ್ದು ಮಿಡಿಯ ಜೀವಕೋಶಗಳ ಒಳಗಿನಿಂದ. ನಮ್ಮ ಅಡುಗೆಮನೆಗೆ ಹಳತಾದ ಈ ಸಂಗತಿಯನ್ನು ಅಳತೆಗೆ ತಂದವರಲ್ಲಿ ನೆದರ್ಲೆಂಡ್ಸ್‌ನವರು ಮುಂದಿದ್ದರು. 1880ರ ದಶಕದಲ್ಲಿ ಆಮ್‌ಸ್ಟರ್‌ಡ್ಯಾಮಿನ ಸಸ್ಯವಿಜ್ಞಾನಿ ಹ್ಯೂಗೊ ಡಿ ವ್ರೀಸ್ ಸಸ್ಯಕೋಶಗಳನ್ನು ಬೇರೆ ಬೇರೆ ಸಾಂದ್ರತೆಯ ದ್ರಾವಣಗಳಲ್ಲಿಟ್ಟು, ಯಾವುದರಲ್ಲಿ ಒಳದ್ರವ್ಯ ಗೋಡೆ ಬಿಟ್ಟು ಕುಗ್ಗುತ್ತದೆಂದು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಅದೇ ಊರಿನಲ್ಲಿದ್ದ ವಾಂಟ್ ಹಾಫ್, ನೀರನ್ನು ಹೀಗೆ ಎಳೆಯುವ ಅಭಿಸರಣ ಒತ್ತಡದ ನಿಯಮ ರೂಪಿಸಿದರು. 1901ರಲ್ಲಿ ರಸಾಯನಶಾಸ್ತ್ರದ ಮೊದಲ ನೊಬೆಲ್ ಅವರಿಗೆ ಸಂದಿತು.

ಕೋಶದ ಒಳಹೊರಗನ್ನು ಬೇರ್ಪಡಿಸುವ ಪೊರೆ ಯಾವುದರಿಂದ ಆಗಿದೆ? ಕೊಬ್ಬಿನಲ್ಲಿ ಕರಗುವ ವಸ್ತುಗಳೇ ಕೋಶದೊಳಗೆ ಸುಲಭವಾಗಿ ನುಗ್ಗುತ್ತವೆಂದು ಅರ್ನೆಸ್ಟ್ ಓವರ್ಟನ್ 1890ರ ದಶಕದಲ್ಲಿ ಕಂಡುಕೊಂಡರು. ಹಾಗಾದರೆ ಪೊರೆಯೂ ಕೊಬ್ಬಿನಂಥದ್ದೇ ಇರಬೇಕು. 1925ರಲ್ಲಿ ಲೈಡನ್ನಿನ ಮಕ್ಕಳ ವೈದ್ಯ ಎವರ್ಟ್ ಗೋರ್ಟರ್ ಮತ್ತು ಎಫ್. ಗ್ರೆಂಡೆಲ್ ಕೆಂಪು ರಕ್ತಕಣಗಳ ಕೊಬ್ಬನ್ನು ಅಸಿಟೋನಿನಿಂದ ತೆಗೆದು ನೀರಿನ ಮೇಲೆ ಒಂದೇ ಅಣುವಿನ ದಪ್ಪಕ್ಕೆ ಹರಡಿದರು. ಅದರ ವಿಸ್ತೀರ್ಣ ಕಣಗಳ ಮೇಲ್ಮೈಯ ಎರಡರಷ್ಟಿತ್ತು. ಪೊರೆ ಎರಡು ಪದರದ್ದು ಎಂದು ತೀರ್ಮಾನಿಸಿದರು. ತಮಾಷೆಯೆಂದರೆ, ಲೆಕ್ಕದಲ್ಲಿ ಎರಡು ತಪ್ಪುಗಳಿದ್ದವು: ಕೊಬ್ಬು ಪೂರ್ತಿ ಹೊರಬಂದಿರಲಿಲ್ಲ, ಒಣಗಿದ ಕಣಗಳ ಮೇಲ್ಮೈಯನ್ನೂ ಕಡಿಮೆ ಅಳೆದಿದ್ದರು. ಒಂದು ತಪ್ಪು ಇನ್ನೊಂದನ್ನು ಸರಿದೂಗಿಸಿ ಉತ್ತರ ಸರಿಯಾಗಿಯೇ ಬಂತು.

ಕೊಬ್ಬಿನ ಪೊರೆಯಲ್ಲಿ ಉಪ್ಪು, ಸಕ್ಕರೆ ಹಾಯುವುದು ಹೇಗೆ? ಉತ್ತರ ಪ್ರೋಟೀನುಗಳಲ್ಲಿತ್ತು. 1957ರಲ್ಲಿ ಡೆನ್ಮಾರ್ಕಿನ ಯೆನ್ಸ್ ಸ್ಕೌ ಏಡಿಯ ನರದಲ್ಲಿ ಸೋಡಿಯಂ ಪಂಪನ್ನು ಕಂಡರು. ಪ್ರತಿ ಸುತ್ತಿಗೆ ಅದು 3 ಸೋಡಿಯಂ ಹೊರದೂಡಿ 2 ಪೊಟ್ಯಾಸಿಯಂ ಒಳಗೆಳೆಯುತ್ತದೆ. ಮಾವಿನ ಮಿಡಿಯ ನೀರಿಗೂ ದಾರಿ ಸಿಕ್ಕಿದ್ದು ತಡವಾಗಿ: ನೀರಿನ ಕಾಲುವೆಯಾದ ಅಕ್ವಪೋರಿನ್ ಅನ್ನು ಅಮೆರಿಕದ ಪೀಟರ್ ಆಗ್ರೆ ತಂಡ ಗುರುತಿಸಿದ್ದು 1992ರಲ್ಲಿ.

ಅದೇ 1992ರಲ್ಲಿ ಯುರೋಪಿಯನ್ ಒಕ್ಕೂಟದ ಒಪ್ಪಂದಕ್ಕೆ ಸಹಿ ಬಿದ್ದ ಊರು ನೆದರ್ಲೆಂಡ್ಸ್‌ನ ಮಾಸ್ಟ್ರಿಕ್ಟ್. ಮಾಸ್ ನದಿಯ ದಂಡೆಯ ಈ ಗಡಿನಾಡ ಪಟ್ಟಣದಲ್ಲಿ 1976ರಲ್ಲಿ ಹುಟ್ಟಿದ ವಿಶ್ವವಿದ್ಯಾಲಯ ಕೋಶಗಳ ಗಡಿಯ ಬಗ್ಗೆ ಹೇಳಿದ ಮಾತು ಎರಡು. ಮೊದಲನೆಯದು ರಾಬರ್ಟ್ ಸ್ವಾಲ್, ಎಡುವಾರ್ಡ್ ಬೆವರ್ಸ್ ಮತ್ತು ಸಂಗಡಿಗರದು. ಪೊರೆಯ ಎರಡು ಪದರಗಳ ಕೊಬ್ಬು ಒಂದೇ ಬಗೆಯದಲ್ಲ. ಫಾಸ್ಫಟಿಡಿಲ್‌ಸೆರಿನ್ ಎಂಬ ಕೊಬ್ಬು ಒಳಬದಿಯಲ್ಲೇ ಇರುತ್ತದೆ. ರಕ್ತದ ಪ್ಲೇಟ್‌ಲೆಟ್ ಕಣ ಪ್ರಚೋದನೆಗೊಂಡರೆ ಅದು ಹೊರಬದಿಗೆ ಮಗುಚಿ ರಕ್ತ ಹೆಪ್ಪುಗಟ್ಟುವ ಕೆಲಸಕ್ಕೆ ಇಂಬು ಕೊಡುತ್ತದೆಂದು 1980ರ ದಶಕದ ಆರಂಭದಲ್ಲಿ ಅವರು ತೋರಿಸಿದರು. ಗೋಡೆಯೇ ಮಗ್ಗುಲು ಬದಲಿಸುತ್ತದೆ ಎಂದಾಯಿತು.

ಎರಡನೆಯದು ಹೃದಯದ ಇಂಧನದ್ದು. ಹೃದಯಕ್ಕೆ ಬೇಕಾದ ಶಕ್ತಿಯಲ್ಲಿ ಶೇ. 60ರಿಂದ 70ರಷ್ಟು ಕೊಬ್ಬಿನಾಮ್ಲಗಳಿಂದ ಬರುತ್ತದೆ. ಕೊಬ್ಬಿನ ಪೊರೆಗೆ ಕೊಬ್ಬಿನಾಮ್ಲ ಪರಕೀಯವಲ್ಲ, ಅದಕ್ಕೆ ಬಾಗಿಲೇಕೆ ಎಂಬ ನಂಬಿಕೆ ಬಹುಕಾಲ ಇತ್ತು. 1993ರಲ್ಲಿ ನಾಡಾ ಅಬುಮ್ರಾದ್ ತಂಡ ಇಲಿಯ ಕೊಬ್ಬುಕೋಶದಲ್ಲಿ ಕೊಬ್ಬಿನಾಮ್ಲ ಹಿಡಿಯುವ ಪ್ರೋಟೀನನ್ನು ಗುರುತಿಸಿತು, ಅದೇ ಸಿಡಿ36. ಮಾಸ್ಟ್ರಿಕ್ಟಿನ ಯಾನ್ ಗ್ಲಾಟ್ಸ್, ಯೋಸ್ಟ್ ಲಾಯ್ಕೆನ್ ಮತ್ತು ಕೆನಡಾದ ಅರೆಂಡ್ ಬೊನೆನ್ ಇದನ್ನು ಸ್ನಾಯುವಿನಲ್ಲಿ ಬೆನ್ನಟ್ಟಿದರು.

ಕೋಶ ಕೊಬ್ಬನ್ನು ಒಳಗೆ ತರುವುದೂ ಉರಿಸುವುದೂ ಒಟ್ಟೊಟ್ಟಿಗೆ ನಡೆಯುತ್ತದೆ, ಹಾಗಾಗಿ ಯಾವುದನ್ನು ಅಳೆಯುತ್ತಿದ್ದೇವೆ ಎಂಬುದೇ ತಿಳಿಯದು. ಅದಕ್ಕೆ ಅವರು ಸ್ನಾಯುವಿನ ಹೊರಪೊರೆಯಿಂದ ಉಬ್ಬಿದ ಗುಳ್ಳೆಗಳನ್ನು ಬಿಡಿಸಿಕೊಂಡರು. ಗುಳ್ಳೆಯ ಪೊರೆ ಇದ್ದ ಹಾಗೇ ಹೊರಮುಖವಾಗಿರುತ್ತದೆ. ಒಳಗೆ ಕೊಬ್ಬನ್ನು ಉರಿಸುವ ವ್ಯವಸ್ಥೆಯಿಲ್ಲ. ಅಳೆದದ್ದೆಲ್ಲ ಬಾಗಿಲಿನ ಲೆಕ್ಕ. ಸಿಡಿ36ಕ್ಕೆ ಅಂಟುವ ರಾಸಾಯನಿಕ ಹಾಕಿದಾಗ ಒಳಹರಿವು ಗಣನೀಯವಾಗಿ ಇಳಿಯಿತು. ಶುದ್ಧ ಕೊಬ್ಬಿನ ಪೊರೆಯನ್ನೇ ಕೊಬ್ಬಿನಾಮ್ಲ ಕ್ಷಣದಲ್ಲಿ ದಾಟುತ್ತದೆಂದು ಅಮೆರಿಕದ ಜೇಮ್ಸ್ ಹ್ಯಾಮಿಲ್ಟನ್ ವಾದಿಸಿದರು; ಅವರ ಪ್ರಯೋಗವನ್ನೂ ತಳ್ಳಿಹಾಕುವಂತಿಲ್ಲ. ಆದರೆ ಹುಟ್ಟಿನಿಂದಲೇ ಸಿಡಿ36 ಇಲ್ಲದ ಜಪಾನಿನ ಕೆಲವರ ಹೃದಯ, ಕೊಬ್ಬಿನಾಮ್ಲವನ್ನು ಹೋಲುವ ಸ್ಕ್ಯಾನ್ ಔಷಧವನ್ನು ಹೀರಿಕೊಳ್ಳದೇ ಇದ್ದದ್ದು ಬಾಗಿಲಿನ ಪರ ಬಲವಾದ ಸಾಕ್ಷಿ.

ಇನ್ನೂ ಹೊಸದೆಂದರೆ ಬಾಗಿಲು ಓಡಾಡುತ್ತದೆ ಎಂಬುದು. ಇನ್ಸುಲಿನ್ ಬಂದಾಗ ಗ್ಲೂಕೋಸಿನ ವಾಹಕ ಕೋಶದೊಳಗಿನ ಉಗ್ರಾಣದಿಂದ ಪೊರೆಗೆ ಬರುವುದು 1980ರಿಂದಲೇ ಗೊತ್ತಿತ್ತು. ಸ್ನಾಯು ಸಂಕುಚಿಸಿದಾಗ, ಇನ್ಸುಲಿನ್ ತಾಗಿದಾಗ ಸಿಡಿ36 ಕೂಡ ಹಾಗೇ ಮೇಲೆ ಬರುತ್ತದೆ, ಕೆಲಸ ಮುಗಿದರೆ ಹಿಂದಿರುಗುತ್ತದೆ ಎಂದು 2000ದ ಆಸುಪಾಸಿನಲ್ಲಿ ಈ ತಂಡ ತೋರಿಸಿತು. ಬೊಜ್ಜು ಬೆಳೆದ ಇಲಿಗಳಲ್ಲಿ ಕಂಡದ್ದು ಬೇರೆ: ಒಟ್ಟು ಸಿಡಿ36 ಹೆಚ್ಚಿರಲಿಲ್ಲ, ಆದರೆ ಪೊರೆಯ ಮೇಲೆ ಅದರ ಪಾಲು ಹೆಚ್ಚಿತ್ತು. ಬಾಗಿಲು ಒಳಗೆ ಹೋಗುವುದನ್ನೇ ಮರೆತಿತ್ತು. ಉಗ್ರಾಣವನ್ನು ಆಮ್ಲೀಯವಾಗಿಡುವ ಪಂಪು ಅತಿಯಾದ ಕೊಬ್ಬಿನಿಂದಲೇ ಕೆಲಸ ನಿಲ್ಲಿಸುತ್ತದೆ, ಆಗ ಸಿಡಿ36 ಅಲ್ಲಿ ನಿಲ್ಲದೆ ಮೇಲೇರುತ್ತದೆ, ಮತ್ತಷ್ಟು ಕೊಬ್ಬು ನುಗ್ಗುತ್ತದೆ ಎಂದು 2017ರಲ್ಲಿ ತಂಡ ವಿವರಿಸಿತು. ಹೃದಯಕೋಶ ಇನ್ಸುಲಿನ್ ಮಾತು ಕೇಳದಂತಾಗಿ ಅದರ ಬಡಿತದ ಬಲವೂ ಕುಗ್ಗುತ್ತದೆ.

ಹಾಗೆಂದು ಸಿಡಿ36 ಅನ್ನು ಸಾರಾಸಗಟಾಗಿ ಮುಚ್ಚುವಂತಿಲ್ಲ. ನಾಲಗೆಗೆ ಕೊಬ್ಬಿನ ರುಚಿ ತಿಳಿಸುವುದರಿಂದ ಹಿಡಿದು ರೋಗನಿರೋಧಕ ಕೋಶಗಳ ಕೆಲಸದವರೆಗೆ ಅದಕ್ಕೆ ಬೇರೆ ಹೊಣೆಗಳಿವೆ. ನೂರು ವರ್ಷ ವಿಜ್ಞಾನ ಕೇಳಿದ್ದು ಏನು ದಾಟುತ್ತದೆ, ಯಾವುದರ ಮೂಲಕ ಎಂದು. ಮಾಸ್ಟ್ರಿಕ್ಟ್ ಅದಕ್ಕೆ ಸೇರಿಸಿದ್ದು ಬಾಗಿಲು ಈಗ ಎಲ್ಲಿದೆ ಎಂಬ ಪ್ರಶ್ನೆ. ಪ್ರಯೋಗಾಲಯದ ರಕ್ತಪರೀಕ್ಷೆಯ ಚೀಟಿಯಲ್ಲಿ ಸಕ್ಕರೆ, ಕೊಬ್ಬಿನ ಅಂಕಿಗಳಿರುತ್ತವೆ. ಬಾಗಿಲು ಎಲ್ಲಿದೆ ಎಂಬುದಕ್ಕೆ ಉತ್ತರ ಆ ಚೀಟಿಯಲ್ಲಿ ಇರುವುದಿಲ್ಲ.