ಸಂತ ಮಾರ್ಕನ ಚರಿತೆ: ವೆನಿಸ್ ಬರೆದುಕೊಂಡ ಹಕ್ಕುಪತ್ರ

ಇಟಲಿಯ ವೆನಿಸ್ ನಗರದಲ್ಲಿರುವ ಸಂತ ಮಾರ್ಕನ ಬಸಿಲಿಕದ ಗುಮ್ಮಟ, ಕಮಾನು ಮತ್ತು ಗೋಡೆಗಳ ಮೇಲೆ ಸುಮಾರು 8,000 ಚದರ ಮೀಟರ್ ವಿಸ್ತಾರದ ಮೊಸಾಯಿಕ್ ಚಿತ್ರಗಳಿವೆ. ಹಸಿ ಗಾರೆಯ ಮೇಲೆ ಬಣ್ಣದ ಗಾಜಿನ ಅಥವಾ ಕಲ್ಲಿನ ಸಣ್ಣ ತುಣುಕುಗಳನ್ನು ಒಂದೊಂದಾಗಿ ಒತ್ತಿ ಚಿತ್ರ ರೂಪಿಸುವ ಕಲೆಗೆ ಮೊಸಾಯಿಕ್ ಎಂದು ಹೆಸರು. ಅದರ ಹೊನ್ನಿನ ಹಿನ್ನೆಲೆಗೆ ಬೇಕಾದ ತುಣುಕುಗಳನ್ನು ಎರಡು ಗಾಜಿನ ಪದರಗಳ ನಡುವೆ ತೆಳುವಾದ ಚಿನ್ನದ ರೇಕನ್ನು ಇರಿಸಿ ಸಿದ್ಧಪಡಿಸುತ್ತಿದ್ದರು. ಈ ಚಿತ್ರಗಳಲ್ಲಿ ಬಹುಪಾಲು ಕ್ರಿಸ್ತನ ಬದುಕನ್ನೂ ಬೈಬಲಿನ ಹಳೆಯ ಒಡಂಬಡಿಕೆಯ ಪ್ರಸಂಗಗಳನ್ನೂ ನಿರೂಪಿಸುತ್ತವೆಯಾದರೂ, ಸುವಾರ್ತೆ ಬರೆದ ನಾಲ್ವರಲ್ಲಿ ಒಬ್ಬನಾದ ಮಾರ್ಕನ ಚರಿತೆ ಮಾತ್ರ ಒಂದೇ ಕಡೆ ಮುಗಿಯದೆ, 12 ಮತ್ತು 13ನೇ ಶತಮಾನಗಳ ಅವಧಿಯಲ್ಲಿ ಕಟ್ಟಡದ ಬೇರೆ ಬೇರೆ ಭಾಗಗಳಲ್ಲಿ ಮತ್ತೆ ಮತ್ತೆ ಚಿತ್ರಿತವಾಯಿತು. ಈ ಪುನರುಕ್ತಿಗೆ ಭಕ್ತಿಯಷ್ಟೇ ರಾಜಕಾರಣವೂ ಕಾರಣವಾಗಿತ್ತು.

ವೆನಿಸ್‌ಗೂ ಮಾರ್ಕನಿಗೂ ಮೂಲದಲ್ಲಿ ಸಂಬಂಧವಿರಲಿಲ್ಲ; ನಗರದ ಮೊದಲ ಪಾಲಕ ಸಂತ ಥಿಯೊಡೋರ್. ಸಂಪ್ರದಾಯದ ಪ್ರಕಾರ ಮಾರ್ಕ ಈಜಿಪ್ಟಿನ ಅಲೆಕ್ಸಾಂಡ್ರಿಯದಲ್ಲಿ ಧರ್ಮಸಭೆಯನ್ನು ಸ್ಥಾಪಿಸಿ ಅಲ್ಲಿಯೇ ಹುತಾತ್ಮನಾದವನು. ಆದರೆ ಅವನು ಆಡ್ರಿಯಾಟಿಕ್ ಸಮುದ್ರದ ತಲೆಭಾಗದ ಅಕ್ವಿಲೇಯ ಪಟ್ಟಣದಲ್ಲಿಯೂ ಧರ್ಮಪ್ರಚಾರ ಮಾಡಿದ್ದನೆಂಬ ಐತಿಹ್ಯವಿದ್ದುದರಿಂದ, ಅಕ್ವಿಲೇಯ ಮತ್ತು ವೆನಿಸ್ ಪ್ರದೇಶದ ಗ್ರಾಡೊ ಎಂಬ ಎರಡು ಧರ್ಮಪೀಠಗಳು ಅವನ ಉತ್ತರಾಧಿಕಾರಕ್ಕಾಗಿ ಪೈಪೋಟಿ ನಡೆಸುತ್ತಿದ್ದವು. 827ರಲ್ಲಿ ಮಾಂಟುವದಲ್ಲಿ ಸೇರಿದ ಧರ್ಮಗುರುಗಳ ಸಭೆಯು ಗ್ರಾಡೊ ಪೀಠವು ಅಕ್ವಿಲೇಯಕ್ಕೆ ಅಧೀನವೆಂದು ತೀರ್ಮಾನಿಸಿತು. ಅದರ ಬೆನ್ನಲ್ಲೇ, 828ರ ಸುಮಾರಿಗೆ, ಬ್ಯೂನೊ ಮತ್ತು ರುಸ್ತಿಕೊ ಎಂಬ ಇಬ್ಬರು ವೆನಿಸ್ ವರ್ತಕರು ಅಲೆಕ್ಸಾಂಡ್ರಿಯದಿಂದ ಮಾರ್ಕನ ದೇಹಾವಶೇಷವನ್ನು ಗುಟ್ಟಾಗಿ ಹೊತ್ತು ತಂದರೆಂಬುದು ವೃತ್ತಾಂತ. ಹೀಗೆ ಬಂದ ಅವಶೇಷವನ್ನು ಬಿಷಪ್‌ಗೆ ಒಪ್ಪಿಸದೆ, ಗಣರಾಜ್ಯದ ಚುನಾಯಿತ ಅಧಿಪತಿಯಾದ ಡೋಜ್‌ನ ಅರಮನೆಯ ಪಕ್ಕದ ಗುಡಿಯಲ್ಲಿ ಇರಿಸಿದ್ದರಿಂದ, ಸಂತನು ಧರ್ಮಪೀಠದ ಆಸ್ತಿಯಾಗುವ ಬದಲು ರಾಜ್ಯದ ಆಸ್ತಿಯಾದನು.

ಈಗಿರುವ ಕಟ್ಟಡದ ನಿರ್ಮಾಣವು ಡೊಮೆನಿಕೊ ಕೊಂಟಾರಿನಿ ಡೋಜ್ ಆಗಿದ್ದಾಗ, 1063ರಲ್ಲಿ, ಕಾನ್‌ಸ್ಟಾಂಟಿನೋಪಲ್‌ನ ಪವಿತ್ರ ಅಪೊಸ್ತಲರ ಗುಡಿಯ ಮಾದರಿಯಲ್ಲಿ ಆರಂಭವಾಯಿತು. ಗರ್ಭಗೃಹದ ಎರಡು ಬದಿಗಳಲ್ಲಿರುವ ಸಂತ ಪೇತ್ರ ಮತ್ತು ಸಂತ ಕ್ಲೆಮೆಂಟ್ ಪ್ರಾರ್ಥನಾಗೃಹಗಳಲ್ಲಿ 12ನೇ ಶತಮಾನದ ಮೊದಲ ಚಿತ್ರಮಾಲೆಯಿದೆ. ಪೇತ್ರನ ಕಡೆಯಲ್ಲಿ ಮಾರ್ಕನ ಧರ್ಮಕಾರ್ಯ ಮತ್ತು ಮರಣ ಚಿತ್ರಿತವಾಗಿದ್ದರೆ, ಅರಮನೆಯ ಕಡೆಗಿರುವ ಕ್ಲೆಮೆಂಟನ ಭಾಗದಲ್ಲಿ ಅವಶೇಷದ ಸ್ಥಳಾಂತರದ ಕತೆಯಿದೆ. ವರ್ತಕರು ದೇಹವನ್ನು ಬುಟ್ಟಿಯಲ್ಲಿಟ್ಟು ಮೇಲೆ ಹಂದಿಮಾಂಸ ಹರಡುತ್ತಾರೆ; ತಪಾಸಣೆಗೆ ಬಂದ ಮುಸ್ಲಿಂ ಅಧಿಕಾರಿಗಳು ಹೇಸಿ ಹಿಂದೆ ಸರಿಯುತ್ತಾರೆ; ಹಂದಿ ಎಂಬರ್ಥದ ಅರಬ್ಬೀ ಶಬ್ದದಿಂದ ಬಂದ ‘ಕಂಝೀರ್’ ಎಂಬ ಅವರ ಉದ್ಗಾರವನ್ನು ಚಿತ್ರದ ಲ್ಯಾಟಿನ್ ಬರಹದಲ್ಲಿಯೇ ಸೇರಿಸಲಾಗಿದೆ. ಮುಂದೆ ಬಂಡೆಗಳತ್ತ ಸಾಗುತ್ತಿದ್ದ ಹಡಗಿನವರನ್ನು ಸಂತನೇ ಎಚ್ಚರಿಸಿ ಉಳಿಸುತ್ತಾನೆ. ಈ ಕೊನೆಯ ಪ್ರಸಂಗ ನಿರೂಪಣೆಯ ಕೀಲಿಯಾಗಿದೆ, ಏಕೆಂದರೆ ತನ್ನನ್ನು ಕದ್ದೊಯ್ಯುವ ಹಡಗನ್ನು ಸಂತನೇ ಕಾಪಾಡಿದ ಮೇಲೆ, ಆ ಕಳವಿಗೆ ಅವನ ಸಮ್ಮತಿಯಿತ್ತೆಂದು ಹೇಳಿದಂತಾಯಿತು.

ಕಾಲ ಕಳೆದಂತೆ ಇಂಥ ಪುರಾವೆಗಳು ಹೆಚ್ಚಿದವು. 976ರ ದಂಗೆಯಲ್ಲಿ ಹಳೆಯ ಗುಡಿ ಸುಟ್ಟಾಗ ಅವಶೇಷವಿದ್ದ ಜಾಗವೇ ಮರೆತುಹೋಗಿ, 1094ರಲ್ಲಿ ಊರವರೆಲ್ಲ ಉಪವಾಸವಿದ್ದು ಪ್ರಾರ್ಥಿಸಿದಾಗ ಕಂಬವೊಂದು ಬಿರಿದು ಸಂತನ ದೇಹ ಕಾಣಿಸಿತೆಂಬ ಐತಿಹ್ಯ ಬೆಳೆಯಿತು. 13ನೇ ಶತಮಾನದ ದ್ವಿತೀಯಾರ್ಧದಲ್ಲಿ ದಕ್ಷಿಣ ತೋಳಿನ ಗೋಡೆಯ ಮೇಲೆ ಈ ಪ್ರಸಂಗವನ್ನು ಎರಡು ದೃಶ್ಯಗಳಲ್ಲಿ ಚಿತ್ರಿಸಿದ ಕಲಾವಿದರು, ಬಸಿಲಿಕವನ್ನು ಉದ್ದಕ್ಕೆ ಸೀಳಿ ತೋರಿಸಿದಂತೆ ಅದರ ಒಳಭಾಗವನ್ನೇ ಹಿನ್ನೆಲೆಯಾಗಿಸಿ, ಡೋಜ್, ಧರ್ಮಗುರುಗಳು, ಶ್ರೀಮಂತರು, ಹೆಂಗಸರು ಮತ್ತು ಮಕ್ಕಳನ್ನು ಅಲ್ಲಿ ಸೇರಿಸಿದ್ದಾರೆ. ಸಂತನ ಚರಿತೆಯಲ್ಲಿ ಈಗ ನಗರದ ಪ್ರಜೆಗಳೇ ಪಾತ್ರಧಾರಿಗಳು ಮತ್ತು ಸಾಕ್ಷಿಗಳು.

ಅದೇ ಶತಮಾನದ ಕೊನೆಯ ಭಾಗದಲ್ಲಿ, ಇಂದು ಝೆನ್ ಪ್ರಾರ್ಥನಾಗೃಹವೆನಿಸಿರುವ ನೈಋತ್ಯ ಮೂಲೆಯ ಮಂಟಪದಲ್ಲಿ ಇನ್ನೊಂದು ಮಾಲೆ ರೂಪುಗೊಂಡಿತು. ಮಾರ್ಕನು ಬದುಕಿದ್ದಾಗಲೇ ವೆನಿಸ್‌ನ ಹಿನ್ನೀರಿನಲ್ಲಿ ದೋಣಿಯಲ್ಲಿ ಮಲಗಿರುವಾಗ, ಅವನ ದೇಹಕ್ಕೆ ಅಲ್ಲಿಯೇ ಕೊನೆಯ ವಿಶ್ರಾಂತಿಯೆಂದು ದೇವದೂತನು ಕನಸಿನಲ್ಲಿ ತಿಳಿಸುವ ದೃಶ್ಯ ಅದರಲ್ಲಿದೆ. ವರ್ತಕರ ಕಳವು ಇಲ್ಲಿ ದೈವಸಂಕಲ್ಪದ ಈಡೇರಿಕೆಯಾಗಿ ಮಾರ್ಪಡುತ್ತದೆ. 16ನೇ ಶತಮಾನದ ಆರಂಭದಲ್ಲಿ ಮುಚ್ಚಿಹೋಗುವ ಮುನ್ನ ಈ ಮಂಟಪವು ನೀರಿನ ಕಡೆಯಿಂದ ಬರುವವರಿಗೆ ಪ್ರವೇಶದ್ವಾರವಾಗಿದ್ದುದರಿಂದ, ಗುಡಿಯ ಒಳಹೊಗುವ ಮೊದಲೇ ಅವರು ನಗರದ ಹಕ್ಕುಪತ್ರವನ್ನು ಓದಿದಂತಾಗುತ್ತಿತ್ತು.

ಹೊರಗಿನ ಚೌಕಕ್ಕೆ ಎದುರಾದ ಪಶ್ಚಿಮ ಮುಖದ ಬಾಗಿಲುಗಳ ಮೇಲೆಯೂ ಅವಶೇಷ ಬಂದ ಕತೆಯನ್ನು ಬರೆಯಲಾಗಿತ್ತು. ಎಡತುದಿಯ ಸಂತ ಅಲಿಪಿಯೊ ಬಾಗಿಲ ಮೇಲಿರುವ, 1260ರ ದಶಕದ ಮೊಸಾಯಿಕ್‌ನಲ್ಲಿ ಮಾರ್ಕನ ದೇಹವನ್ನು ಬಸಿಲಿಕದೊಳಗೆ ಒಯ್ಯುತ್ತಿದ್ದಾರೆ. ಚಿತ್ರಿತ ಘಟನೆ 9ನೇ ಶತಮಾನದ್ದಾದರೂ ಹಿಂದೆ ಕಾಣುವುದು 13ನೇ ಶತಮಾನದ ಕಟ್ಟಡ. 1204ರಲ್ಲಿ ನಾಲ್ಕನೆಯ ಧರ್ಮಯುದ್ಧದ ಸೇನೆ ಕಾನ್‌ಸ್ಟಾಂಟಿನೋಪಲನ್ನು ಸೂರೆಮಾಡಿದಾಗ ವೆನಿಸ್ ಪಾಲಿಗೆ ಬಂದ ನಾಲ್ಕು ಕಂಚಿನ ಕುದುರೆಗಳೂ ಅದರ ಮೇಲಿವೆ. ಹಳೆಯ ಕೊಳ್ಳೆಯೂ ಹೊಸ ಕೊಳ್ಳೆಯೂ ಒಂದೇ ಚೌಕಟ್ಟಿನಲ್ಲಿ ಸಂತನ ಕೃಪೆಯ ಗುರುತುಗಳಾಗಿ ನಿಂತಿವೆ.

ಈ ಮುಖಭಾಗದ ಉಳಿದ ಮೂಲ ಚಿತ್ರಗಳು ಮಳೆಗಾಳಿಗೆ ಸವೆದು, ಮುಂದಿನ ಶತಮಾನಗಳಲ್ಲಿ ಹೊಸ ಚಿತ್ರಗಳಿಗೆ ಜಾಗ ಬಿಟ್ಟುಕೊಟ್ಟವು. ಅವುಗಳ ಸ್ವರೂಪವು 1496ರಲ್ಲಿ ಜೆಂಟೀಲೆ ಬೆಲ್ಲಿನಿ ರಚಿಸಿದ ಚೌಕದ ಮೆರವಣಿಗೆಯ ವರ್ಣಚಿತ್ರದಿಂದ ತಿಳಿಯುತ್ತದೆ. ಗಣರಾಜ್ಯವು 1797ರಲ್ಲಿ ನೆಪೋಲಿಯನ್ನನಿಗೆ ಶರಣಾಗಿ ಡೋಜ್ ಪದವಿ ಇಲ್ಲವಾದ ಹತ್ತು ವರ್ಷಗಳ ನಂತರ, 1807ರಲ್ಲಿ, ಅದುವರೆಗೆ ಡೋಜ್‌ನ ಖಾಸಗಿ ಗುಡಿಯಾಗಿದ್ದ ಬಸಿಲಿಕವು ಮೊದಲ ಬಾರಿಗೆ ನಗರದ ಪ್ರಧಾನ ಧರ್ಮಪೀಠವಾಯಿತು.